ಟೋಕನ್ ಕೊಡುವ ಮೊದಲು: ಸೆಕೆಂಡ್ ಹ್ಯಾಂಡ್ ಕಾರಿನ ಹಿಂದಿನ ಲೆಕ್ಕ ಕೂಡಿಸುವ ಬಗೆ

ಇಂಗ್ಲೆಂಡಿನಲ್ಲಿ ಹಳೆಯ ಕಾರು ಕೊಳ್ಳುವವರಿಗೆ ಒಂದು ದೊಡ್ಡ ಅನುಕೂಲವಿದೆ. ಅಲ್ಲಿ ಕಾರಿಗೆ 3 ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಎಂಒಟಿ ಎಂಬ ತಪಾಸಣೆ ಕಡ್ಡಾಯ. ಸರ್ಕಾರದ ಜಾಲತಾಣದಲ್ಲಿ ಕಾರಿನ ನಂಬರ್ ಹಾಕಿದರೆ ಪ್ರತಿ ತಪಾಸಣೆಯ ತಾರೀಖು, ಆವತ್ತು ಮೀಟರ್ ತೋರಿಸಿದ ದೂರ, ಪಾಸಾಯಿತೋ ಫೇಲಾಯಿತೋ, ಯಾವ ದೋಷ ಕಂಡಿತು ಎಲ್ಲವೂ ಪುಕ್ಕಟೆ ಸಿಗುತ್ತದೆ. ನಮ್ಮಲ್ಲಿ ಹಾಗಿಲ್ಲ. ವೈಟ್ ಬೋರ್ಡ್ ಕಾರಿನ ಆರ್‌ಸಿ 15 ವರ್ಷಕ್ಕೆ ಸಿಗುತ್ತದೆ. ಎಮಿಷನ್ ಟೆಸ್ಟ್ ಒಂದನ್ನು ಬಿಟ್ಟರೆ ಅಷ್ಟೂ ವರ್ಷ ಆರ್‌ಟಿಒ ಮುಂದೆ ಕಾರು ನಿಲ್ಲಿಸಿ ತೋರಿಸುವ ನಿಯಮಿತ ತಪಾಸಣೆ ಇಲ್ಲ.

ಹಾಗೆಂದು ಕಾರಿಗೆ ಚರಿತ್ರೆಯೇ ಇಲ್ಲ ಅಂತಲ್ಲ. ಅದು ಐದಾರು ಕಡೆ ಚೆಲ್ಲಿಹೋಗಿದೆ, ಅಷ್ಟೇ. ಒಂದಿಷ್ಟು ಸರ್ವಿಸ್ ಸೆಂಟರಿನ ಕಂಪ್ಯೂಟರಿನಲ್ಲಿ, ಒಂದಿಷ್ಟು ಇನ್ಶೂರೆನ್ಸ್ ಪಾಲಿಸಿಯಲ್ಲಿ, ಒಂದಿಷ್ಟು ಆರ್‌ಟಿಒ ರಿಜಿಸ್ಟರಿನಲ್ಲಿ, ಮಿಕ್ಕಿದ್ದು ಟಯರಿನ ಪಕ್ಕದಲ್ಲಿ, ಗಾಜಿನ ಮೂಲೆಯಲ್ಲಿ. ಕಾಗದಗಳನ್ನು ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಸರಿಯಾಗಿಯೇ ಕಾಣುತ್ತದೆ. ತಾರೀಖಿನ ಸಾಲಿನಲ್ಲಿ ಜೋಡಿಸಿದಾಗ ಮಾತ್ರ ಸುಳ್ಳು ಹೊರಗೆ ಬರುತ್ತದೆ. ಆದ್ದರಿಂದ ಕಾರು ನೋಡಲು ಹೊರಡುವ ಮೊದಲೇ ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಗೀಚಿಕೊಳ್ಳಿ: ತಾರೀಖು, ಕಿಲೋಮೀಟರ್, ಎಲ್ಲಿಂದ ಸಿಕ್ಕ ಮಾಹಿತಿ, ಏನಾಯಿತು. ಇಲ್ಲಿಂದ ಮುಂದೆ ಹೇಳುವುದೆಲ್ಲ ಆ ಹಾಳೆ ತುಂಬಿಸುವ ಕೆಲಸ.

ಮನೆಯಲ್ಲೇ ಕುಳಿತು: ನಂಬರ್ ಒಂದರಿಂದ ಸಿಗುವುದು

ಮಾರುವವರಿಂದ ಮೊದಲು ಪೂರ್ತಿ ನಂಬರ್ ಕೇಳಿ. ಫೋಟೋದಲ್ಲಿ ನಂಬರ್ ಪ್ಲೇಟ್ ಮಸುಕು ಮಾಡಿದ್ದರೆ ತಪ್ಪಿಲ್ಲ. ಕೇಳಿದ ಮೇಲೂ ಕೊಡದಿದ್ದರೆ ಆ ಕಾರು ಬಿಟ್ಟುಬಿಡಿ.

ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಮೊಬೈಲ್ ನಂಬರಿನಿಂದ ಲಾಗಿನ್ ಆಗಿ ಕಾರಿನ ನಂಬರ್ ಹಾಕಿ. ಮಾಲೀಕರ ಹೆಸರು ಅರ್ಧ ಮುಚ್ಚಿ ತೋರಿಸುತ್ತದೆ, ಮಿಕ್ಕ ವಿವರ ಸಾಕಷ್ಟಿರುತ್ತದೆ. ಹಾಳೆಗೆ ಬರೆದುಕೊಳ್ಳಬೇಕಾದ್ದು: ನೋಂದಣಿ ದಿನ, ಇಂಧನ, ವಾಹನದ ವರ್ಗ, ಎಷ್ಟನೇ ಮಾಲೀಕರು, ಆರ್‌ಸಿ ಎಲ್ಲಿಯವರೆಗೆ ಚಾಲ್ತಿ, ಇನ್ಶೂರೆನ್ಸ್ ಮತ್ತು ಎಮಿಷನ್ ಎಲ್ಲಿಯವರೆಗೆ, ಬ್ಯಾಂಕಿನ ಸಾಲ ಇದೆಯೇ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ, ಎನ್‌ಒಸಿ (ಬೇರೆ ಕಡೆ ಒಯ್ಯಲು ಆರ್‌ಟಿಒ ಕೊಡುವ ಆಕ್ಷೇಪಣೆ ಇಲ್ಲ ಎಂಬ ಪತ್ರ) ಕೊಟ್ಟಿದ್ದಾರೆಯೇ. "ಸಿಂಗಲ್ ಓನರ್" ಎಂದು ಜಾಹೀರಾತಿನಲ್ಲಿದ್ದು ಇಲ್ಲಿ 2 ಎಂದಿದ್ದರೆ ಉಳಿದ ಮಾತನ್ನೂ ಅದೇ ತೂಕದಲ್ಲಿ ತೂಗಿ.

ಬಾಕಿ ದಂಡ ನೋಡಲು ಇ-ಚಲನ್ ಜಾಲತಾಣ ಇದೆ. ಬೆಂಗಳೂರಿನ ಕಾರಾದರೆ ಸಂಚಾರ ಪೊಲೀಸರ ಜಾಲತಾಣದಲ್ಲಿಯೂ ನೋಡಿ. ಒಂದರಲ್ಲಿ ಕಾಣದ ದಂಡ ಇನ್ನೊಂದರಲ್ಲಿ ಕಾಣಿಸುವುದುಂಟು. ದಂಡದ ಮೊತ್ತಕ್ಕಿಂತ ಅದರ ತಾರೀಖು, ಜಾಗ ನಮಗೆ ಮುಖ್ಯ. "ಕಾರು ಎರಡು ವರ್ಷದಿಂದ ಊರಲ್ಲಿ ನಿಂತೇ ಇತ್ತು" ಎನ್ನುವ ಕಾರಿಗೆ ಅದೇ ಎರಡು ವರ್ಷದಲ್ಲಿ ಸಿಗ್ನಲ್ ಜಂಪ್ ದಂಡ ಬಿದ್ದಿದ್ದರೆ, ಹಾಳೆಯ ಮೊದಲ ತಾಳೆಯೇ ತಪ್ಪಿತು. ಕಳುವಾದ ವಾಹನಗಳ ಪಟ್ಟಿಯನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾಹನ್ ಸಮನ್ವಯ ಸೇವೆಯಲ್ಲಿ ಚಾಸಿಸ್ ಮತ್ತು ಎಂಜಿನ್ ನಂಬರ್ ಹಾಕಿ ನೋಡಬಹುದು.

ಬಿ ಎಕ್ಸ್‌ಟ್ರಾಕ್ಟ್

ಪರಿವಾಹನ್ ತೋರಿಸುವುದು ಕಾರಿನ ಇವತ್ತಿನ ಸ್ಥಿತಿ. ಹಿಂದಿನದು ಬೇಕಾದರೆ ಆರ್‌ಟಿಒದಲ್ಲಿ ಬಿ ರಿಜಿಸ್ಟರ್ ಎಕ್ಸ್‌ಟ್ರಾಕ್ಟ್ ತೆಗೆಸಬೇಕು. ಯಾರಿಂದ ಯಾರಿಗೆ ವರ್ಗಾವಣೆಯಾಯಿತು, ಸಾಲ ಯಾವಾಗ ಹತ್ತಿತು ಯಾವಾಗ ಇಳಿಯಿತು, ಕಾರಿಗೆ ಏನೇನು ಬದಲಾವಣೆ ಆಗಿದೆ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಮಾರುವವರನ್ನೇ ಕೇಳಿ ತೆಗೆಸಿಕೊಳ್ಳಿ. ಶುಲ್ಕ ಅಲ್ಪ, ಕೊಡಲು ಅವರಿಗೆ ಅಡ್ಡಿಯಿಲ್ಲ.

ಇದರ ದೊಡ್ಡ ಉಪಯೋಗ ಟ್ಯಾಕ್ಸಿಯಾಗಿ ಓಡಿದ ಕಾರನ್ನು ಗುರುತಿಸುವುದು. ಯೆಲ್ಲೋ ಬೋರ್ಡ್ ಕಾರನ್ನು ವೈಟ್ ಬೋರ್ಡಿಗೆ ಬದಲಿಸುವುದು ಕಾನೂನುಬದ್ಧವೇ. ಮುಚ್ಚಿಟ್ಟು ಮಾರುವುದು ತಪ್ಪು. ಬೆಂಗಳೂರಿನ ಟ್ಯಾಕ್ಸಿ ಮೂರು ವರ್ಷದಲ್ಲಿ ಲಕ್ಷ ಕಿಲೋಮೀಟರ್ ದಾಟುವುದು ಹೊಸತೇನಲ್ಲ. ಇಂಥ ಕಾರಿಗೆ ಒಂದು ಲಾಭವೂ ಇದೆ: ಯೆಲ್ಲೋ ಬೋರ್ಡ್ ಇದ್ದಷ್ಟು ಕಾಲ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಮಾಡಿಸಲೇಬೇಕಿತ್ತು. ಹೊಸ ಕಾರಿಗೆ ಮೊದಲ 2 ವರ್ಷ, ಆಮೇಲೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅದಾದ ಮೇಲೆ ಪ್ರತಿ ವರ್ಷ. ಆ ಎಫ್‌ಸಿ ತಾರೀಖುಗಳನ್ನೂ ಹಾಳೆಗೆ ಹಾಕಿ.

ಬೇರೆ ರಾಜ್ಯದ ಕಾರಾದರೆ ಮೂಲ ಆರ್‌ಟಿಒದ ಎನ್‌ಒಸಿ, ಅಂದರೆ ಫಾರ್ಮ್ 28, ಇದೆಯೇ ನೋಡಿ. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಕಾರುಗಳ ಮೇಲೆ ನ್ಯಾಯಾಲಯಗಳ ನಿರ್ಬಂಧ ಬಂದ ಮೇಲೆ ಅಲ್ಲಿಯ ದೊಡ್ಡ ಡೀಸೆಲ್ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬರುತ್ತಿವೆ. ಬೆಲೆ ಕಂಡು ಹಿಗ್ಗುವ ಮೊದಲು ಕರ್ನಾಟಕದ ಲೈಫ್ ಟ್ಯಾಕ್ಸ್ ಎಷ್ಟಾಗುತ್ತದೆ ಎಂದು ನಿಮ್ಮ ಆರ್‌ಟಿಒದಲ್ಲಿ ವಿಚಾರಿಸಿ ಬೆಲೆಗೆ ಕೂಡಿಸಿ.

ಸರ್ವಿಸ್ ದಾಖಲೆ: ಹಾಳೆಯ ಬೆನ್ನೆಲುಬು

ಕಿಲೋಮೀಟರ್ ಅಂಕಣ ತುಂಬುವುದು ಮುಖ್ಯವಾಗಿ ಇಲ್ಲಿಂದ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗಳಲ್ಲಿ ಕಾರು ಬಿಟ್ಟಾಗಲೆಲ್ಲ ಜಾಬ್ ಕಾರ್ಡ್ ಆಗುತ್ತದೆ, ಅದರಲ್ಲಿ ಆ ದಿನದ ಮೀಟರ್ ಬರೆಯುತ್ತಾರೆ. ಸಾಮಾನ್ಯವಾಗಿ ಈ ದಾಖಲೆ ಆ ಕಂಪನಿಯ ಯಾವ ಊರಿನ ಸೆಂಟರಿನಲ್ಲಾದರೂ ತೆರೆದುಕೊಳ್ಳುತ್ತದೆ. ಹುಬ್ಬಳ್ಳಿಯಲ್ಲಿ ಸರ್ವಿಸ್ ಆದದ್ದು ಮಂಗಳೂರಿನಲ್ಲಿ ಕಾಣುತ್ತದೆ. ಆದರೆ ಅಪರಿಚಿತರಿಗೆ ತೋರಿಸುವುದಿಲ್ಲ. ಮಾಲೀಕರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ನೋಂದಾಯಿತ ಮೊಬೈಲಿನಿಂದ ಒಪ್ಪಿಗೆ ಕೊಡಿಸಿ, ಪೂರ್ತಿ ಸರ್ವಿಸ್ ಹಿಸ್ಟರಿಯ ಪ್ರಿಂಟ್ ತೆಗೆಸಿಕೊಳ್ಳಿ. ಮಾಲೀಕರ ಫೋನಿನಲ್ಲಿ ಕಂಪನಿಯ ಆ್ಯಪ್ ಇದ್ದರೆ ಅದರಲ್ಲಿಯೂ ಇರುತ್ತದೆ. ಮಾರುವವರು ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ, ಅವರ ಫೋನಿನಲ್ಲೇ ತೆರೆದು ತೋರಿಸಲು ಹೇಳಿ.

ಈಗ ಉದಾಹರಣೆಗೆ ಹೀಗೊಂದು ಹಾಳೆ ತಯಾರಾಯಿತು ಎಂದಿಟ್ಟುಕೊಳ್ಳಿ. 2017ರ ಜನವರಿಯಲ್ಲಿ ನೋಂದಣಿಯಾದ ಪೆಟ್ರೋಲ್ ಕಾರು. 2018 ಜನವರಿಯಲ್ಲಿ 9,800. 2019 ಜನವರಿಯಲ್ಲಿ 21,400. 2020 ಫೆಬ್ರವರಿಯಲ್ಲಿ 33,900. 2021 ಮಾರ್ಚಿನಲ್ಲಿ 38,200. 2022 ಮಾರ್ಚಿನಲ್ಲಿ 49,600. ಆಮೇಲೆ ಏನೂ ಇಲ್ಲ. ಇವತ್ತು ಮೀಟರ್ ತೋರಿಸುವುದು 56,000.

ವರ್ಷಕ್ಕೆ ಹತ್ತಿರ ಹತ್ತಿರ 12,000 ಓಡುವ ಕಾರು. 2020-21ರಲ್ಲಿ ಕುಸಿದದ್ದು ಲಾಕ್‌ಡೌನ್ ಕಾಲ, ನಂಬುವಂಥದ್ದೇ. ಆದರೆ 2022ರ ನಂತರ ಅಷ್ಟೂ ವರ್ಷಕ್ಕೆ ಸೇರಿ 6,400 ಮಾತ್ರ. ಮಾಲೀಕರು ವಿದೇಶಕ್ಕೆ ಹೋಗಿರಬಹುದು, ಮನೆಯಿಂದಲೇ ಕೆಲಸ ಮಾಡಿರಬಹುದು, ಅಸಾಧ್ಯವೇನಲ್ಲ. ಇಲ್ಲಿ ಟಯರ್ ಸಾಕ್ಷಿಗೆ ಬರುತ್ತದೆ. ಟಯರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ: 3523 ಎಂದರೆ 2023ರ 35ನೇ ವಾರ ತಯಾರಾದದ್ದು. ಹೊಸ ಟಯರಿನ ಗ್ರಿಪ್ಪಿನ ಆಳ ಸುಮಾರು 8 ಮಿಲಿಮೀಟರ್. ಸವೆದು 1.6 ಮಿಲಿಮೀಟರ್ ಆದಾಗ ಟಯರಿನ ಒಳಗಿನ ಉಬ್ಬುಗುರುತು ಸಮಕ್ಕೆ ಬರುತ್ತದೆ. ಅಷ್ಟು ಸವೆಯಲು ಸಾಮಾನ್ಯ ಓಡಾಟದಲ್ಲಿ 40,000 ಕಿಲೋಮೀಟರ್ ಆಸುಪಾಸು ಬೇಕು. ನಾಲ್ಕೂ 3523ರ ಟಯರುಗಳು ಈಗ 3 ಮಿಲಿಮೀಟರಿಗೆ ಬಂದಿದ್ದರೆ ಅವು 30,000ದಷ್ಟು ಓಡಿವೆ. ಟಯರೇ 30,000 ಓಡಿದ ಅವಧಿಯಲ್ಲಿ ಕಾರು 6,400 ಓಡಲು ಹೇಗೆ ಸಾಧ್ಯ? ಮೀಟರ್ ತಿರುಗಿಸಿದ್ದಾರೆ. ಹೀಗೆ ತಿರುಗಿಸುವವರು ಸಾಮಾನ್ಯವಾಗಿ ಕೊನೆಯ ಸರ್ವಿಸ್ ದಾಖಲೆಗಿಂತ ಸ್ವಲ್ಪ ಮೇಲಕ್ಕೆ ನಿಲ್ಲಿಸುತ್ತಾರೆ, ಪ್ರಿಂಟ್ ನೋಡಿದವರಿಗೆ ತಾಳೆಯಾಗಲಿ ಎಂದು. ಆದ್ದರಿಂದಲೇ ದಾಖಲೆ ನಿಂತ ಜಾಗದ ಆಚೆ ಹೆಚ್ಚು ಹೊತ್ತು ಕಳೆಯಬೇಕು.

ಕಾರು ಹೊರಗಿನ ಗ್ಯಾರೇಜಿಗೆ ಹೋಗುತ್ತಿತ್ತು ಎಂದರೆ ಅದು ದೋಷವಲ್ಲ. ವಾರಂಟಿ ಮುಗಿದ ಮೇಲೆ ಬಹಳ ಮಂದಿ ಪರಿಚಯದ ಮೆಕ್ಯಾನಿಕ್ ಹತ್ತಿರವೇ ಹೋಗುತ್ತಾರೆ. ಗ್ಯಾರೇಜಿನ ಹೆಸರು ಕೇಳಿ, ಹೋಗಿ ವಿಚಾರಿಸಿ. ಆಯಿಲ್ ಬದಲಿಸಿದಾಗ ಬಾನೆಟ್ ಕೆಳಗೋ ಬಾಗಿಲ ಅಂಚಿಗೋ ಅಂಟಿಸಿದ ಚೀಟಿಯಲ್ಲಿ ಮುಂದಿನ ಸರ್ವಿಸ್ ಕಿಲೋಮೀಟರ್ ಬರೆದಿರುತ್ತದೆ. ಮೀಟರ್ ತಿರುಗಿಸುವವರು ಈ ಚೀಟಿ ಕೀಳಲು ಮರೆಯುತ್ತಾರೆ. ಬ್ಯಾಟರಿಯ ವಾರಂಟಿ ಕಾರ್ಡ್, ಟಯರ್ ಅಂಗಡಿಯ ಅಲೈನ್‌ಮೆಂಟ್ ಪ್ರಿಂಟ್ ಕೂಡ ಕೇಳಿ. ಅವುಗಳಲ್ಲೂ ಹಲವು ಸಲ ದೂರ ನಮೂದಾಗಿರುತ್ತದೆ.

ಬಿಲ್ಲುಗಳಲ್ಲಿ ದೂರ ನೋಡಿ ಮುಗಿಸಬೇಡಿ, ಪಾರ್ಟ್ಸ್ ಪಟ್ಟಿಯನ್ನೂ ಓದಿ. ಬಂಪರ್, ಫೆಂಡರ್, ಬಾನೆಟ್, ಹೆಡ್‌ಲೈಟ್ ಬದಲಾಗಿದ್ದರೆ ಗಾಬರಿ ಬೇಡ. ಅವೆಲ್ಲ ಬೋಲ್ಟ್ ಬಿಚ್ಚಿ ಕೂರಿಸುವ ಭಾಗಗಳು, ನಮ್ಮ ಟ್ರಾಫಿಕ್ಕಿನಲ್ಲಿ ಸಹಜ. ರೇಡಿಯೇಟರ್ ಸಪೋರ್ಟ್, ಏಪ್ರನ್, ಮುಂದಿನ ಚಾಸಿ ಲೆಗ್, ಪಿಲ್ಲರ್ ಎಂಬ ಬಾಡಿಯ ಚೌಕಟ್ಟಿನ ಭಾಗಗಳು, ಏರ್‌ಬ್ಯಾಗ್, ಸೀಟ್ ಬೆಲ್ಟ್ ಸೆಟ್ ಇವುಗಳಲ್ಲಿ ಯಾವುದಾದರೂ ಕಂಡರೆ ಅದು ದೊಡ್ಡ ಏಟು. ಒಂದೇ ವರ್ಷದಲ್ಲಿ ಎರಡು ಮೂರು ಸಲ ಕೂಲೆಂಟ್ ತುಂಬಿಸಿದ್ದರೆ ಎಲ್ಲೋ ಸೋರುತ್ತಿದೆ, ಅಥವಾ ಹೆಡ್ ಗ್ಯಾಸ್ಕೆಟ್ ಹೋಗುತ್ತಿದೆ. ಪದೇ ಪದೇ ವೀಲ್ ಅಲೈನ್‌ಮೆಂಟ್ ಮಾಡಿಸಿಯೂ ಟಯರ್ ಒಂದೇ ಕಡೆ ಸವೆದಿದ್ದರೆ ಸಸ್ಪೆನ್ಶನ್ನಿನಲ್ಲೋ ಬಾಡಿಯಲ್ಲೋ ಸೊಟ್ಟ ಉಳಿದಿದೆ.

ಪಾಲಿಸಿಯಲ್ಲಿ ಅಡಗಿದ ಮಾತು

ಈ ವರ್ಷದ್ದು ಮಾತ್ರವಲ್ಲ, ಹಿಂದಿನ ಎರಡು ಮೂರು ವರ್ಷದ ಇನ್ಶೂರೆನ್ಸ್ ಪಾಲಿಸಿಗಳನ್ನೂ ಕೇಳಿ. ನೋಡಬೇಕಾದ್ದು ನೋ ಕ್ಲೇಮ್ ಬೋನಸ್ ಎಂಬ ಸಾಲು. ಕ್ಲೇಮ್ ಮಾಡದೆ ಒಂದು ವರ್ಷ ಕಳೆದರೆ 20%, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50%. ಒಂದು ಕ್ಲೇಮ್ ಆದರೆ ಮುಂದಿನ ವರ್ಷ ಸೊನ್ನೆಗೆ ಇಳಿಯುತ್ತದೆ. ಆರು ವರ್ಷದ ಕಾರು, ಒಬ್ಬರೇ ಮಾಲೀಕರು, "ಒಂದು ಗೀರೂ ಬಿದ್ದಿಲ್ಲ", ಆದರೆ ಬೋನಸ್ ಬರೀ 20% ಎಂದರೆ ಹಿಂದಿನ ವರ್ಷಕ್ಕಿಂತ ಮೊದಲು ಏನೋ ಆಗಿದೆ. ಯಾವ ವರ್ಷ 50ರಿಂದ ಸೊನ್ನೆಗೆ ಬಿತ್ತೋ ಅದರ ಹಿಂದಿನ ವರ್ಷದ ಸರ್ವಿಸ್ ಬಿಲ್ಲುಗಳನ್ನು ಮತ್ತೊಮ್ಮೆ ತೆರೆದು ನೋಡಿ.

ಇದರಲ್ಲಿ ಎಡವುವ ಜಾಗಗಳೂ ಇವೆ. ಬೋನಸ್ ಸೇರುವುದು ಮಾಲೀಕರಿಗೆ, ಕಾರಿಗಲ್ಲ. ಹಳೆಯ ಕಾರು ಮಾರಿದವರು ತಮ್ಮ 50% ಬೋನಸ್ಸನ್ನು ಈ ಕಾರಿಗೆ ತಂದಿರಬಹುದು. ಹಾಗಾಗಿ ಹೊಸ ಕಾರಿನ ಮೊದಲ ವರ್ಷವೇ 50 ಇದ್ದರೆ ಅಚ್ಚರಿಯಿಲ್ಲ. ಎರಡನೇ ಮಾಲೀಕರು ಸೊನ್ನೆಯಿಂದ ಆರಂಭಿಸಿರಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೂ ಬೋನಸ್ ಹೋಗುತ್ತದೆ. ಬೋನಸ್ ಉಳಿಸುವ ಆ್ಯಡ್-ಆನ್ ಕೊಂಡಿದ್ದರೆ ಕ್ಲೇಮ್ ಆಗಿಯೂ ಇಳಿಯದೇ ಇರಬಹುದು. ಈ ನಾಲ್ಕನ್ನೂ ತೆಗೆದುಹಾಕಿದ ಮೇಲೆ ಉಳಿಯುವ ಸೊನ್ನೆಗೆ ಮಾತ್ರ ಅರ್ಥ ಇದೆ. ಥರ್ಡ್ ಪಾರ್ಟಿ ಮಾತ್ರ ಇರುವ ಪಾಲಿಸಿಯಿಂದ ಈ ಮಾಹಿತಿ ಸಿಗುವುದಿಲ್ಲ.

ಪಾಲಿಸಿ ನಡುವೆ ತುಂಡಾಗಿದ್ದರೆ ಗಮನಿಸಿ. ಮತ್ತೆ ಫುಲ್ ಇನ್ಶೂರೆನ್ಸ್ ಕೊಡುವ ಮೊದಲು ಕಂಪನಿಯವರು ಕಾರಿನ ಫೋಟೋ ತಪಾಸಣೆ ಮಾಡುತ್ತಾರೆ, ಮೀಟರಿನ ಫೋಟೋ ಸಹಿತ. ಆ ವರದಿ ಮಾಲೀಕರ ಇಮೇಲಿನಲ್ಲಿ ಇರಬಹುದು, ಕೇಳಿ. ರಿಪೇರಿ ವೆಚ್ಚ ಕಾರಿನ ವಿಮೆ ಮೌಲ್ಯದ 75% ಮೀರಿದರೆ ಕಂಪನಿ ಅದನ್ನು ಟೋಟಲ್ ಲಾಸ್ ಎಂದು ತೀರ್ಮಾನಿಸುತ್ತದೆ. ಅಂಥ ಕಾರುಗಳ ಅವಶೇಷ ಹರಾಜಾಗಿ, ಟಿಂಕರಿಂಗ್ ಆಗಿ ಮತ್ತೆ ರಸ್ತೆಗೆ ಬರುವುದುಂಟು. ಹಾಳೆಯಲ್ಲಿ ಅದರ ಗುರುತು ಹೀಗೆ: ಪಾಲಿಸಿ ತುಂಡು, ಕೆಲವು ತಿಂಗಳು ಸರ್ವಿಸ್ ಇಲ್ಲ, ಕೂಡಲೇ ಮಾಲೀಕರ ಬದಲಾವಣೆ, ಅದೂ ಬೇರೆ ಊರಿಗೆ. ಒಂದೊಂದೇ ಆದರೆ ಸಾಮಾನ್ಯ, ಮೂರೂ ಒಟ್ಟಿಗೆ ಆದರೆ ಅಲ್ಲ.

ಕಾರಿನ ಮೈಮೇಲಿನ ತಾರೀಖುಗಳು

ಈಗ ಕಾರು ನೋಡಲು ಹೋಗಿ. ಹಗಲಿನಲ್ಲಿ, ಮಳೆ ಇಲ್ಲದಾಗ, ಎಂಜಿನ್ ತಣ್ಣಗಿರುವಾಗ.

ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಲೋಹದ ಮೇಲೆ ಕೊರೆದ ನಂಬರಿನ ಜೊತೆ ಒಂದೊಂದೇ ಅಕ್ಷರವಾಗಿ ಹೋಲಿಸಿ. ಒಟ್ಟು 17 ಅಕ್ಷರ. ಸುತ್ತ ಉಜ್ಜಿದ, ವೆಲ್ಡ್ ಮಾಡಿದ, ಹೊಸ ಬಣ್ಣ ಬಳಿದ ಗುರುತಿದ್ದರೆ ಮಾತುಕತೆ ಅಲ್ಲಿಗೇ ಸಾಕು.

ಪ್ರತಿ ಗಾಜಿನ ಮೂಲೆಯಲ್ಲಿ ತಯಾರಕರ ಗುರುತು, ವರ್ಷದ ಸಂಕೇತ ಇರುತ್ತದೆ. ಎಲ್ಲ ಗಾಜೂ ಒಂದೇ ಬ್ರ್ಯಾಂಡ್, ಒಂದೇ ಆಸುಪಾಸಿನ ವರ್ಷ ಇರಬೇಕು. ಮುಂದಿನ ಗಾಜು ಕಲ್ಲು ಬಿದ್ದು ಬದಲಾಗಿರಬಹುದು. ಒಂದೇ ಬದಿಯ ಎರಡು ಬಾಗಿಲ ಗಾಜು ಬೇರೆಯಾದರೆ ಆ ಬದಿಗೆ ಏಟು ಬಿದ್ದಿದೆ. 2019ರ ಏಪ್ರಿಲ್ ನಂತರದ ಕಾರಾದರೆ ಮುಂದಿನ ಗಾಜಿನ ಒಳಗೆ ಎಚ್‌ಎಸ್‌ಆರ್‌ಪಿಯ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಎರಡು ಪ್ಲೇಟುಗಳ ಜೊತೆ ಬರುವ ಮೂರನೇ ಗುರುತಾದ ಸ್ಟಿಕ್ಕರ್ ಇರಬೇಕು, ಪೆಟ್ರೋಲಿಗೆ ನೀಲಿ, ಡೀಸೆಲ್ಲಿಗೆ ಕಿತ್ತಳೆ. ಕಿತ್ತರೆ ಹರಿದುಹೋಗುವಂಥದ್ದು ಅದು, ಗಾಜು ಬದಲಿಸಿದರೆ ಹೋಗುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಬುಡದ ಲೇಬಲ್‌ನಲ್ಲಿ ತಯಾರಿಕೆಯ ತಾರೀಖು ಓದಿ. ಕಾರು 2018ರದ್ದು, ಬೆಲ್ಟ್ 2021ರದ್ದು ಎಂದರೆ ಏರ್‌ಬ್ಯಾಗ್ ಬಿಚ್ಚಿಕೊಂಡಷ್ಟು ಜೋರಾದ ಅಪಘಾತದ ಶಂಕೆ.

ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ ಇದೆ. ಹೊತ್ತುವುದೇ ಇಲ್ಲವಾದರೆ ಇನ್ನೂ ಕೆಟ್ಟದ್ದು, ದೀಪವನ್ನೇ ತೆಗೆದಿರಬಹುದು.

ಬಣ್ಣದ ದಪ್ಪ ಅಳೆಯುವ ಚಿಕ್ಕ ಯಂತ್ರ ಸಿಕ್ಕರೆ ಒಯ್ಯಿರಿ. ಕಂಪನಿಯ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್. 200 ದಾಟಿದರೆ ಮತ್ತೆ ಬಣ್ಣ ಹೊಡೆದದ್ದು, 500 ದಾಟಿದರೆ ಕೆಳಗೆ ಪುಟ್ಟಿ ಇದೆ. ಛಾವಣಿ ಮತ್ತು ಪಿಲ್ಲರುಗಳಲ್ಲಿ ತಪ್ಪದೆ ಅಳೆಯಿರಿ, ಅಲ್ಲಿ ಪುಟ್ಟಿ ಇದ್ದರೆ ಪಲ್ಟಿಯಾದ ಕಾರಾಗಿರಬಹುದು. ಪ್ಲಾಸ್ಟಿಕ್ ಬಂಪರಿನ ಮೇಲೆ ಈ ಯಂತ್ರ ಓದುವುದಿಲ್ಲ.

ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಸ್ಕ್ಯಾನರ್ ಹಾಕಿದರೆ ಫೋನಿನ ಆ್ಯಪ್‌ನಲ್ಲಿ ಎರಡು ಸಂಗತಿ ಸಿಗುತ್ತದೆ. ಒಂದು, ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಅಳಿಸಿದ ಮೇಲೆ ಓಡಿದ ದೂರ. ಇನ್ನೊಂದು, ಕೋಡ್ ಅಳಿಸಿದ ಮೇಲೆ ಆ ಕಂಪ್ಯೂಟರ್ ತಾನೇ ಮತ್ತೆ ಮಾಡಿಕೊಳ್ಳುವ ರೆಡಿನೆಸ್ ಪರೀಕ್ಷೆಗಳು ಪೂರ್ತಿಯಾಗಿವೆಯೇ ಎಂಬುದು. ದೂರ 12 ಕಿಲೋಮೀಟರ್ ಎಂದು ತೋರಿಸಿ ಪರೀಕ್ಷೆಗಳು ಅರ್ಧದಲ್ಲಿದ್ದರೆ, ನೀವು ಬರುತ್ತೀರೆಂದು ಬೆಳಿಗ್ಗೆಯೇ ಎಚ್ಚರಿಕೆ ದೀಪ ಆರಿಸಿದ್ದಾರೆ. ಅಥವಾ ಬ್ಯಾಟರಿ ಬಿಚ್ಚಿರಬಹುದು. ಒಂದೆರಡು ದಿನ ಓಡಿಸಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಲು ಕೇಳಿ.

ನೀರಿನಲ್ಲಿ ಮುಳುಗಿದ ಕಾರಿಗೆ ಹಾಳೆಯ ತಾರೀಖುಗಳೇ ಮೊದಲ ಸುಳಿವು. 2018ರ ಆಗಸ್ಟಿನಲ್ಲಿ ಕೊಡಗು ಮತ್ತು ಕೇರಳ, 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆ. ಆ ಊರು, ಆ ತಿಂಗಳ ಬೆನ್ನಿಗೇ ಕ್ಲೇಮ್ ಅಥವಾ ಮಾರಾಟ ಕಂಡರೆ ಕಾರ್ಪೆಟ್ ಎತ್ತಿಸಿ. ಸೀಟಿನ ಹಳಿಯ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಕೆಳಗಿನ ಕೆಸರು, ಬೆಲ್ಟಿನ ಬುಡದಲ್ಲಿ ಮಣ್ಣಿನ ಗೆರೆ, ಫ್ಯೂಸ್ ಬಾಕ್ಸಿನಲ್ಲಿ ಹಸಿರುಗಟ್ಟಿದ ತಾಮ್ರ ನೋಡಿ. ಒಳಗೆಲ್ಲ ಹೊಸ ಸುಗಂಧ ಹೊಡೆದಿದ್ದರೆ ಎಸಿಯನ್ನು ಬಿಸಿಗಾಳಿಗೆ ತಿರುಗಿಸಿ ಹತ್ತು ನಿಮಿಷ ಬಿಡಿ, ಮುಗ್ಗಲು ವಾಸನೆ ಮೇಲೆ ಬರುತ್ತದೆ.

ಕೊನೆಗೆ, ನೀವೇ ಆರಿಸಿದ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕಾರನ್ನು ರ‍್ಯಾಂಪ್ ಮೇಲೆ ಏರಿಸಿ, ದುಡ್ಡು ನೀವೇ ಕೊಟ್ಟು, ಲಿಖಿತ ವರದಿ ತೆಗೆದುಕೊಳ್ಳಿ. ಕಾರಿನ ಬೆಲೆಯ ಮುಂದೆ ಈ ಖರ್ಚು ತೀರಾ ಸಣ್ಣದು. ಸಿಎನ್‌ಜಿ ಕಾರಾದರೆ ಕಿಟ್ ಆರ್‌ಸಿಯಲ್ಲಿ ನಮೂದಾಗಿದೆಯೇ, ಸಿಲಿಂಡರಿನ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) 3 ವರ್ಷದೊಳಗೆ ಆಗಿದೆಯೇ ನೋಡಿ.

ದುಡ್ಡು ಮತ್ತು ಕಾಗದ

ಹಾಳೆ ತಾಳೆಯಾದರೆ ಟೋಕನ್ ಕೊಡಿ, ಬ್ಯಾಂಕಿನ ಮೂಲಕ. ಮೀಟರ್ ರೀಡಿಂಗ್, ಅಪಘಾತ ಮತ್ತು ನೀರಿನ ಬಗ್ಗೆ ಮಾರುವವರು ಹೇಳಿದ ಮಾತನ್ನು ರಸೀತಿಯಲ್ಲೇ ಬರೆಸಿ ಸಹಿ ಹಾಕಿಸಿ. ಸಾಲ ಇದ್ದರೆ ಅದು ತೀರಿದ್ದನ್ನು ತಿಳಿಸುವ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಗೆ ಫಾರ್ಮ್ 29 ಮತ್ತು 30 ಬೇಕು. ದಿನಾಂಕ ಹಾಕದ ಸಹಿ ಮಾಡಿದ ಫಾರ್ಮುಗಳ ಕಂತೆ ಇಟ್ಟುಕೊಂಡ ಬ್ರೋಕರ್ ಸಿಕ್ಕರೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರ ಜೊತೆ ನೇರ ಮಾತಾಡದೆ ಮುಂದುವರಿಯಬೇಡಿ. 2023ರ ಏಪ್ರಿಲ್ 1ರಿಂದ ಹಳೆಯ ಕಾರಿನ ಡೀಲರುಗಳು ಆರ್‌ಟಿಒದಿಂದ ಅಧಿಕೃತ ಪತ್ರ ಪಡೆದಿರಬೇಕು, ಅದನ್ನು ತೋರಿಸಲು ಕೇಳುವ ಹಕ್ಕು ನಿಮಗಿದೆ.

ಕಾರು ಕೈಗೆ ಬಂದ ದಿನ, ಗಂಟೆ, ಮೀಟರ್ ಮೂರನ್ನೂ ಡೆಲಿವರಿ ನೋಟಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಆ ಗಂಟೆಗೆ ಮೊದಲಿನ ದಂಡ ಅವರದು, ಆಮೇಲಿನದು ನಿಮ್ಮದು. ಹಳೆಯ ಫಾಸ್ಟ್ಯಾಗನ್ನು ಅವರಿಂದಲೇ ಮುಚ್ಚಿಸಿ ನಿಮ್ಮ ಹೆಸರಿನಲ್ಲಿ ಹೊಸದು ಅಂಟಿಸಿ. 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ವರ್ಗಾವಣೆಯ ಅರ್ಜಿ ಕೊಡಿ. ಅವರ ಬೋನಸ್ ನಿಮಗೆ ಬರುವುದಿಲ್ಲ, ವ್ಯತ್ಯಾಸದ ಪ್ರೀಮಿಯಂ ಕಟ್ಟಬೇಕಾಗುತ್ತದೆ. 30 ದಿನದೊಳಗೆ ಆರ್‌ಟಿಒಗೆ ಅರ್ಜಿ ಹೋಗಬೇಕು. ಆಮೇಲೆ ಮತ್ತೆ ಪರಿವಾಹನ್ ತೆರೆದು ನಂಬರ್ ಹಾಕಿ, ಮಾಲೀಕರ ಹೆಸರಿನಲ್ಲಿ ನಿಮ್ಮ ಅಕ್ಷರಗಳು ಬಂದಿವೆಯೇ ಎಂದು ನೋಡಿ.